ನಮ್ಮ ಮಂಡಿ, ಅವಳ ಕಣ್ಣು

ವೈದ್ಯರನ್ನೂ ಅವ್ವನನ್ನೂ ಬಿಟ್ಟರೆ ನನ್ನ ಬಲ ಮಂಡಿಯ ಗುಟ್ಟು ಎಂಟೇ ಜನಕ್ಕೆ ಗೊತ್ತಿತ್ತು. ಏಳು ಜನ ನನ್ನ ಜೊತೆ ಕಬಡ್ಡಿ ಆಡುತ್ತಿದ್ದ ಹುಡುಗಿಯರು, ಇನ್ನೊಬ್ಬರು ನಮ್ಮ ಮೇಷ್ಟ್ರು. ನೇರಕ್ಕೆ ಓಡುವಾಗ ಆ ಮಂಡಿ ಕಲ್ಲಿನಂತೆ ಗಟ್ಟಿ. ಆದರೆ ಪಾದ ನೆಲಕ್ಕೆ ಊರಿದ್ದಾಗ ಯಾರಾದರೂ ಹಿಮ್ಮಡಿ ಹಿಡಿದು ಒಳಕ್ಕೆ ತಿರುಚಿದರೆ ಮುಗಿಯಿತು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು, ಇನ್ನೊಂದು ಸಲ ಕಿತ್ತರೆ ಆಟ ಹಾಗಿರಲಿ, ಮೆಟ್ಟಿಲು ಹತ್ತುವುದಕ್ಕೂ ಇನ್ನೊಬ್ಬರ ಹೆಗಲು ಬೇಕಾಗುತ್ತದೆ ಎಂದು ಹೇಳಿಯೇ ಕಳಿಸಿದ್ದರು. ಆ ಎಂಟು ಜನರ ಎದುರಿಗೇ ಒಂದು ದಿನ ನಾನು ಬೇರೆ ತಂಡದ ಅಂಗಿ ತೊಟ್ಟು ಆಡಬೇಕಾಯಿತು. ಅವತ್ತು ಹೆದರಿದಷ್ಟು ನಾನು ಮತ್ತೆಂದೂ ಹೆದರಿಲ್ಲ. ಆ ಹೆದರಿಕೆಯಲ್ಲಿ ನಾನು ಮಾಡಿದ ಕೆಲಸವನ್ನು ಇಲ್ಲಿಯವರೆಗೆ ಪೂರ್ತಿಯಾಗಿ ಯಾರಿಗೂ ಹೇಳಿಲ್ಲ.

ನಮ್ಮೂರಿಗೆ ಪಾಂಡವಪುರದಿಂದ ನಾಲೆ ದಾಟಿ ಒಳಕ್ಕೆ ಹೋಗಬೇಕು. ಪ್ರೌಢಶಾಲೆಯ ಹಿಂದೆ ಒಂದು ಮಣ್ಣಿನ ಮೈದಾನ. ಮೇಷ್ಟ್ರು ಆ ಶಾಲೆಯ ದೈಹಿಕ ಶಿಕ್ಷಕರು. ಹತ್ತನೇ ತರಗತಿವರೆಗೆ ಚೆನ್ನಾಗಿ ಆಡುತ್ತಿದ್ದ ಹೆಣ್ಣುಮಕ್ಕಳು ಆಮೇಲೆ ಆಟ ಬಿಟ್ಟು ಮನೆ ಸೇರುವುದನ್ನು ನೋಡಿ ನೋಡಿ ಬೇಸತ್ತು, ಮನೆಮನೆಗೆ ಹೋಗಿ ಅಪ್ಪಂದಿರನ್ನು ಒಪ್ಪಿಸಿ ತಂಡ ಕಟ್ಟಿದವರು ಅವರು. ನಮ್ಮ ಮನೆಯಲ್ಲಿ ಒಪ್ಪಿಸಲು ಅಪ್ಪ ಇರಲಿಲ್ಲ. ಅವ್ವ ಅದೇ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಸಾಂಬಾರಿನ ಪಾತ್ರೆ ಕೆಳಗಿಳಿಸುತ್ತಲೇ, "ಆಡ್ಲಿ ಬುಡಿ ಸಾ, ಮನೇಲಿ ಕೂತು ಮಾಡೋದೇನದೆ" ಎಂದಿದ್ದಳಂತೆ.

ನಾನು ದಾಳಿಗೆ ಹೋಗುವವಳು. ನನ್ನ ಗೆಳತಿ ಎಡ ಕಾರ್ನರಿನವಳು. ಎಂದರೆ ದಾಳಿಗೆ ಬಂದವರನ್ನು ತಡೆದು ಹಿಡಿಯುವ ಏಳು ಜನರ ಸಾಲಿನಲ್ಲಿ ಎಡ ತುದಿಗೆ ನಿಲ್ಲುವವಳು. ಅವಳು ಅಲ್ಲಿ ನಿಲ್ಲುವುದಕ್ಕೆ ಒಂದು ಕಾರಣವಿತ್ತು. ಚಿಕ್ಕಂದಿನಲ್ಲಿ ಕಬ್ಬಿನ ಗದ್ದೆಯಲ್ಲಿ ಗರಿ ಬಡಿದು ಅವಳ ಎಡಗಣ್ಣು ಹೋಗಿತ್ತು. ನೋಡಿದರೆ ಗೊತ್ತಾಗುವಂತಿರಲಿಲ್ಲ, ಗುಡ್ಡೆ ಸ್ವಲ್ಪ ಮಂಕು ಅಷ್ಟೆ. ಎಡ ತುದಿಗೆ ನಿಂತರೆ ಇಡೀ ಆಟ ಅವಳ ಬಲಕ್ಕೇ ನಡೆಯುತ್ತದೆ, ಒಂದೇ ಕಣ್ಣು ಸಾಕು ಎಂದು ಮೇಷ್ಟ್ರು ಯೋಚಿಸಿ ಅಲ್ಲಿ ನಿಲ್ಲಿಸಿದ್ದರು. ತುದಿಯ ಗೆರೆಯನ್ನೇ ಒತ್ತಿಕೊಂಡು ಬಂದು ಅವಳ ಎಡಕ್ಕೆ ನುಗ್ಗಿದರೆ ಮಾತ್ರ ಅವಳಿಗೆ ಕಾಣದು. ಇದು ತಂಡದ ಹೊರಗೆ ಯಾರಿಗೂ ತಿಳಿಯದಂತೆ ನೋಡಿಕೊಂಡಿದ್ದೆವು. ತಿಳಿದರೆ ಆಡಲು ಬಿಡುತ್ತಾರೋ ಇಲ್ಲವೋ ಎನ್ನುವ ಭಯ ಅವಳಿಗೆ ಯಾವಾಗಲೂ ಇತ್ತು.

ನನ್ನ ಮಂಡಿ ಹೋದದ್ದು ನಾಗಮಂಗಲದಲ್ಲಿ. ಪಂದ್ಯ ಮುಗಿಯಲು ಎರಡು ನಿಮಿಷವಿದ್ದಾಗ ಹಿಂದಕ್ಕೆ ತಿರುಗಿ ಜಿಗಿದೆ. ಒಣಗಿದ ಕೊಂಬೆ ಲಟಕ್ಕೆಂದಂಥ ಸದ್ದು ನನ್ನೊಳಗಿನಿಂದಲೇ ಕೇಳಿತು. ಆಮೇಲೆ ಮೈಸೂರಿನಲ್ಲಿ ಆಪರೇಷನ್ನು, ಆಮೇಲೆ ಮನೆ. ಒಂಬತ್ತು ತಿಂಗಳು. ಅವ್ವ ಬೆಳಿಗ್ಗೆ ಶಾಲೆಗೆ ಹೋದರೆ ನನ್ನನ್ನು ಬಚ್ಚಲಿಗೆ ನಡೆಸಲೂ ಒಬ್ಬರು ಬೇಕಿತ್ತು. ತಂಡದ ಹುಡುಗಿಯರು ದಿನಕ್ಕೊಬ್ಬರಂತೆ ಬಂದರು. ಗೆಳತಿ ಮಾತ್ರ ದಿನವೂ ಬಂದಳು. ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ವೈದ್ಯರು ಹೇಳಿಕೊಟ್ಟಂತೆ ಮಡಚುತ್ತಿದ್ದಳು, ಬಿಡಿಸುತ್ತಿದ್ದಳು. ನಾನು ನೋವಿಗೆ ಅರಚಿದರೆ, "ಅರಚ್ಕೊ ಅರಚ್ಕೊ, ಮಡಚೋದ್ನ ಮಾತ್ರ ನಿಲ್ಸಾಕಿಲ್ಲ" ಎನ್ನುತ್ತಿದ್ದಳು. ಐದನೇ ತಿಂಗಳು ನಾಲೆ ಏರಿಯ ಮೇಲೆ ಅವಳ ಹೆಗಲು ಹಿಡಿದು ನಡೆದೆ. ಏಳನೇ ತಿಂಗಳು ಮೈದಾನದಲ್ಲಿ ಬೀಳುವುದನ್ನು ಕಲಿಸಿದಳು. ಯಾರಾದರೂ ಹಿಡಿದರೆ ಕಾಲು ಚಾಚಬಾರದು, ಮಡಚಿಕೊಂಡು ಪಕ್ಕಕ್ಕೆ ಬೀಳಬೇಕು. ನೂರಾರು ಸಲ ಬೀಳಿಸಿದಳು. ಅಷ್ಟು ದಿನವೂ ಮೇಷ್ಟ್ರು ನನ್ನ ಜಾಗಕ್ಕೆ ಬೇರೆಯವರನ್ನು ಸೇರಿಸಿಕೊಳ್ಳದೆ ಏಳೇ ಜನರಲ್ಲಿ ತಂಡ ನಡೆಸಿದರು. ಬದಲಿ ಆಟಗಾರ್ತಿ ಇಲ್ಲದೆ ಎರಡು ಪಂದ್ಯಾವಳಿ ಸೋತರು.

ವಾಸಿಯಾಗಿ ಬಂದ ಮೇಲೆ ನಾನು ಮೊದಲಿಗಿಂತ ಚೆನ್ನಾಗಿ ಆಡಿದೆ. ಅದೇ ತೊಂದರೆಯಾಯಿತು. ಶ್ರೀರಂಗಪಟ್ಟಣದ ಒಂದು ಪಂದ್ಯದಲ್ಲಿ ನನ್ನನ್ನು ನೋಡಿದ ಮೈಸೂರಿನ ಒಬ್ಬ ಕೋಚ್ ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಹುಡುಕಿಕೊಂಡು ಬಂದರು. ಒಬ್ಬ ಉದ್ಯಮಿ ಹಣ ಹಾಕಿ ಕಟ್ಟಿದ ತಂಡ ಅವರದು. ಉಳಿಯಲು ಹಾಸ್ಟೆಲು, ಆಡಲು ಮ್ಯಾಟು, ತಿಂಗಳ ಸಂಬಳ, ಒಂದು ವರ್ಷದ ಒಪ್ಪಂದ. ಮಂಡಿಯ ಮೇಲಿನ ಗಾಯದ ಗುರುತು ನೋಡಿ, "ಇದೇನು?" ಎಂದರು. "ವಾಸಿಯಾಗಿದೆ ಸರ್" ಎಂದೆ. ಅದು ನಾನು ಹೇಳಿದ ಮೊದಲ ಅರ್ಧ ಸುಳ್ಳು.

ನನಗೆ ಹೋಗಬೇಕು ಎಂದು ಆಸೆಯಿತ್ತು. ಅದನ್ನು ಮುಚ್ಚಿಡುವುದಿಲ್ಲ. ಆಟದಿಂದಲೇ ಊಟ ಮಾಡುವ ಬದುಕು ನನ್ನಂಥವಳಿಗೂ ಇರಬಹುದು ಎಂದು ಆವರೆಗೆ ಯಾರೂ ಹೇಳಿರಲಿಲ್ಲ. ಮೇಷ್ಟ್ರಿಗೆ ಹೇಳುವುದು ಹೇಗೆ ಎನ್ನುವುದೇ ಕಷ್ಟವಾಯಿತು. ಅವರ ಮನೆ ಬಾಗಿಲವರೆಗೆ ಎರಡು ಸಲ ಹೋಗಿ ವಾಪಸು ಬಂದೆ. ಮೂರನೆಯ ಸಲ ಅವರೇ ಜಗಲಿಯ ಮೇಲೆ ಕೂತಿದ್ದರು.

"ಏನವ್ವ, ಓಯ್ತೀಯಂತೆ?" ಎಂದರು.

ಯಾರು ಹೇಳಿದರೋ ಗೊತ್ತಿಲ್ಲ. ನಾನು ತಲೆ ಬಗ್ಗಿಸಿದೆ.

"ಬಾಯ್ಬುಟ್ಟು ಯೇಳು."

"ಊಂ ಸಾ."

ಆಮೇಲೆ ಎದ್ದು ಒಳಗೆ ಹೋಗುತ್ತಾ, "ಓಗು. ತಡೆಯಾಕೆ ನಾನ್ಯಾರು. ಆದ್ರೆ ಒಂದಿನ ನಮ್ ಮುಂದೇ ಆಡ್ಬೇಕಾಯ್ತದೆ. ಅವತ್ತು ಗೊತ್ತಾಯ್ತದೆ ನಿಂಗೆ" ಎಂದರು.

ಏನು ಗೊತ್ತಾಗುತ್ತದೆ ಎಂದು ಕೇಳಲು ಧೈರ್ಯ ಬರಲಿಲ್ಲ. ನಾನು ಅದನ್ನು ಬೆದರಿಕೆ ಎಂದೇ ತಿಳಿದುಕೊಂಡೆ. ಗೆಳತಿ ನಾನು ಹೊರಟ ದಿನ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಕಳಿಸಿದ ಮೆಸೇಜುಗಳ ಪಕ್ಕದಲ್ಲಿ ನೀಲಿ ಗುರುತು ಬೀಳುತ್ತಿತ್ತು, ಉತ್ತರ ಮಾತ್ರ ಬರುತ್ತಿರಲಿಲ್ಲ.

ಮೈಸೂರಿನಲ್ಲಿ ಬೇರೆಯದೇ ಭಯ ಶುರುವಾಯಿತು. ಅಲ್ಲಿ ಯಾರೂ ಕೆಟ್ಟವರಲ್ಲ. ಊಟ ಚೆನ್ನಾಗಿತ್ತು, ಕಾಲಿಗೆ ಒಳ್ಳೆಯ ಶೂ ಸಿಕ್ಕಿತು. ಆದರೆ ಎರಡು ತಿಂಗಳಿಗೊಮ್ಮೆ ಯಾರದಾದರೂ ಹಾಸಿಗೆ ಖಾಲಿಯಾಗುತ್ತಿತ್ತು. ಬೆಳಿಗ್ಗೆ ತಿಂಡಿಗೆ ಬಂದರೆ ಒಬ್ಬಳು ಇರುತ್ತಿರಲಿಲ್ಲ, ಅವಳ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ. ಭುಜ ನೋಯಿಸಿಕೊಂಡಿದ್ದ ಒಬ್ಬಳು ಹಾಗೇ ಹೋದಳು. ಅಂದಿನಿಂದ ನಾನು ಮಂಡಿಗೆ ಐಸ್ ಇಟ್ಟುಕೊಳ್ಳಬೇಕಾದಾಗಲೆಲ್ಲ ಸ್ನಾನದ ಮನೆಯ ಚಿಲಕ ಹಾಕಿಕೊಳ್ಳುತ್ತಿದ್ದೆ.

ಎಂಟನೇ ತಿಂಗಳು ಕೆ.ಆರ್. ಪೇಟೆಯಲ್ಲಿ ಒಂದು ಪಂದ್ಯಾವಳಿ. ಮೊದಲ ಸುತ್ತುಗಳನ್ನು ಗೆದ್ದ ಮೇಲೆ ಸೆಮಿಫೈನಲಿನಲ್ಲಿ ನಮಗೆ ಎದುರಾಳಿ ಯಾರು ಎನ್ನುವುದನ್ನು ಕೋಚ್ ಊಟದ ಮನೆಯ ಗೋಡೆಗೆ ಅಂಟಿಸಿದರು. ನಮ್ಮೂರಿನ ತಂಡ. ಓದಿದ ಕೂಡಲೇ ನನ್ನ ಕೈ ಬಲ ಮಂಡಿಯ ಮೇಲೆ ಹೋಯಿತು.

ಆ ಸಂಜೆ ಅವ್ವ ಫೋನು ಮಾಡಿದಳು. ಅವಳ ದನಿ ತಗ್ಗಿತ್ತು.

"ಮಗಾ, ನೀ ಆಡ್ಬ್ಯಾಡ ಕಣವ್ವ. ಜ್ವರ ಅನ್ನು."

"ಯಾಕವ್ವ?"

"ಟೀ ಅಂಗ್ಡಿ ತಾವ ಮಾತಾಡ್ತಾವ್ರೆ. ಆ ಮಂಡಿ ಸರಿ ಮಾಡ್ದೋರೂ ನಾವೇ, ಮುರಿಯೋರೂ ನಾವೇ ಅಂತ. ನಾನು ಪಾತ್ರೆ ತೊಳೀತಿದ್ರೂ ಅದೇ ಮಾತು. ನನ್ನ ಮಕ ನೋಡ್ಕಂಡೇ ಆಡ್ತಾವ್ರೆ."

"ಯಾರಂದ್ರು?"

"ಯಾರಾದ್ರೇನು. ನಂಗೆ ಎದೆ ಡವಗುಟ್ತದೆ. ಜ್ವರ ಅಂದ್ಬುಡು."

ಜ್ವರ ಎನ್ನಬಹುದಿತ್ತು. ಆದರೆ ಒಪ್ಪಂದಕ್ಕೆ ಇನ್ನು ನಾಲ್ಕೇ ತಿಂಗಳಿತ್ತು, ಖಾಲಿಯಾದ ಹಾಸಿಗೆಗಳು ಕಣ್ಣ ಮುಂದಿದ್ದವು. ಆಡಿದರೆ ಮಂಡಿ ಹೋಗುತ್ತದೆ, ಆಡದಿದ್ದರೆ ಕೆಲಸ ಹೋಗುತ್ತದೆ. ಗೆಳತಿಯ ಕೈಗಳು ನನ್ನ ಹಿಮ್ಮಡಿ ಹಿಡಿದು ತಿರುಚುವುದನ್ನು ಕೂತಲ್ಲಿ ನಿಂತಲ್ಲಿ ಕಂಡೆ. ಒಂಬತ್ತು ತಿಂಗಳು ಮಡಚಿ ಬಿಡಿಸಿದ ಕೈಗಳವು. ಎಲ್ಲಿ ಒತ್ತಿದರೆ ಏನಾಗುತ್ತದೆಂದು ಅವಕ್ಕೆ ಗೊತ್ತಿದ್ದಷ್ಟು ನನಗೂ ಗೊತ್ತಿರಲಿಲ್ಲ.

ಮಾರನೆಯ ದಿನ ಕೋಚ್ ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡರು. ಗದರಿಸಲಿಲ್ಲ. "ನೀನು ಅಲ್ಲೇ ಬೆಳೆದವಳು. ಅವರಲ್ಲಿ ಯಾರು ಎಲ್ಲಿ ವೀಕು ಹೇಳು" ಎಂದರು, ಎಲ್ಲ ಕೋಚ್‌ಗಳೂ ಕೇಳುವ ಹಾಗೆ.

ನಾನು ಮೊದಲು ಸಣ್ಣಪುಟ್ಟದ್ದನ್ನು ಹೇಳಿದೆ. ಒಬ್ಬಳು ಬೇಗ ದಣಿಯುತ್ತಾಳೆ, ಇನ್ನೊಬ್ಬಳು ಎಡಗಾಲು ಮುಂದಿಟ್ಟರೆ ದಾಳಿ ಬಲಕ್ಕೆ. ಅವರು ಬರೆದುಕೊಂಡರು. "ಎಡ ಕಾರ್ನರು? ಅವಳೇ ಅಲ್ಲವೇ ಗಟ್ಟಿಗಿತ್ತಿ?" ಎಂದರು.

ಅವರು ಕಾಯುತ್ತಿದ್ದರು. ಅವಳು ನನ್ನನ್ನು ಹಿಡಿಯುವ ಮೊದಲೇ ಅವಳು ಔಟಾಗಿ ಹೊರಗೆ ಕೂತಿದ್ದರೆ ನನ್ನ ಮಂಡಿಗೆ ಅಪಾಯವಿಲ್ಲ ಎಂದು ತಲೆಯೊಳಗೆ ಯಾರೋ ಲೆಕ್ಕ ಹಾಕಿದ ಹಾಗಾಯಿತು. ಬಾಯಿ ತೆರೆಯಿತು.

"ಅವಳಿಗೆ ಎಡಗಣ್ಣು ಕಾಣುವುದಿಲ್ಲ ಸರ್. ಗೆರೆ ಒತ್ತಿಕೊಂಡು ಹೋದರೆ ಗೊತ್ತಾಗುವುದಿಲ್ಲ."

ಕೋಚ್ ಪೆನ್ನು ಎತ್ತಿ ನನ್ನನ್ನೊಮ್ಮೆ ನೋಡಿದರು. ಅದನ್ನು ಬರೆದುಕೊಳ್ಳಲಿಲ್ಲ. "ಸರಿ, ಹೋಗು" ಎಂದರು, ಅಷ್ಟೆ. ನಾನು ಹೊರಗೆ ಬಂದು ನಲ್ಲಿಯ ಕೆಳಗೆ ಬಾಯಿ ಮುಕ್ಕಳಿಸಿದೆ. ಯಾಕೆ ಎಂದು ಈಗಲೂ ಹೇಳಲಾರೆ.

ಭಾನುವಾರ ಬೆಳಿಗ್ಗೆ ವ್ಯಾನು ಮೈಸೂರು ಬಿಟ್ಟಿತು. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಹುಡುಗಿಯರೆಲ್ಲ ಕಾವೇರಿಗೆ ಕೈ ಮುಗಿದರು, ಕರಿಘಟ್ಟದ ಬೆಟ್ಟದ ಗುಡಿಯ ಕಡೆಗೂ ಮುಗಿದರು. ನಾನೂ ಮುಗಿದೆ, ಆದರೆ ಏನು ಕೇಳಿಕೊಳ್ಳಬೇಕೆಂದು ತೋಚಲಿಲ್ಲ. ಪಾಂಡವಪುರ ದಾಟಿದ ಮೇಲೆ ನಮ್ಮೂರಿನ ಕವಲುದಾರಿ ಬಂತು. ಅಲ್ಲಿನ ಅಂಗಡಿ, ಬಸ್ಸಿಗೆ ಕಾಯುವ ಕಲ್ಲುಬೆಂಚು, ನಾಲ್ಕೈದು ಜನ. ಯಾರಾದರೂ ಗುರುತು ಹಿಡಿದಾರು ಎಂದು ಶೂ ದಾರ ಕಟ್ಟುವವಳಂತೆ ಬಗ್ಗಿ ಕೂತೆ. ನನ್ನೂರಿನ ಮುಂದೆ ಕಳ್ಳಿಯ ಹಾಗೆ ಹಾದುಹೋದೆ.

ಕೆ.ಆರ್. ಪೇಟೆಯ ಮೈದಾನದಲ್ಲಿ ಶಾಮಿಯಾನ ಹಾಕಿ ಮ್ಯಾಟು ಹಾಸಿದ್ದರು. ಬಿಸಿಲಿಗೆ ಮ್ಯಾಟಿನಿಂದ ರಬ್ಬರಿನ ವಾಸನೆ ಏಳುತ್ತಿತ್ತು. ನಮ್ಮೂರಿನವರು ಎರಡು ಟೆಂಪೋ ತುಂಬ ಬಂದಿದ್ದರು. ನಾನು ಅಂಕಣಕ್ಕೆ ಇಳಿದಾಗ, "ಬಂದ್ಳು ನೋಡ್ರಪ್ಪ ಮೈಸೂರ್ ಸೊಸೆ!" ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು. ಇನ್ನೊಬ್ಬ, "ಮಂಡಿ ಉಸಾರು ಕಣವ್ವೋ!" ಎಂದ. ಆಗ ಯಾರೂ ನಗಲಿಲ್ಲ. ನನಗೆ ಅದೇ ಹೆಚ್ಚು ಹೆದರಿಕೆಯಾಯಿತು. ಮೇಷ್ಟ್ರು ನನ್ನ ಕಡೆ ನೋಡಲಿಲ್ಲ. ಗೆಳತಿ ನೋಡಿದಳು, ಒಂದು ಕ್ಷಣ. ಕೋಪವೋ ಏನೋ ತಿಳಿಯಲಿಲ್ಲ. ಅವಳು ತನ್ನ ಜಾಗಕ್ಕೆ ಹೋಗಿ ಬಗ್ಗಿ ನಿಂತಳು.

ಕೋಚ್ ಮೊದಲು ನಮ್ಮ ಇನ್ನೊಬ್ಬ ದಾಳಿಗಾರ್ತಿಯನ್ನು ಕಳಿಸಿದರು. ಅವಳು ನೇರವಾಗಿ ಎಡ ತುದಿಗೆ ಹೋಗಿ, ಗೆರೆ ಒತ್ತಿಕೊಂಡು ನುಗ್ಗಿ, ಗೆಳತಿಯ ಹೆಗಲು ಮುಟ್ಟಿ ಬಂದಳು. ಗೆಳತಿ ಔಟು. ಅವರು ಒಂದು ಅಂಕ ಗಳಿಸಿದಾಗ ಅವಳು ವಾಪಸು ಬಂದಳು. ಮತ್ತೆ ಅದೇ ದಾಳಿ, ಮತ್ತೆ ಔಟು. ಮೂರನೆಯ ಸಲ ಅವಳು ಮುಖವನ್ನೇ ಎಡಕ್ಕೆ ತಿರುಗಿಸಿಕೊಂಡು ನಿಂತಳು. ಆಗ ದಾಳಿಗಾರ್ತಿ ಮಧ್ಯದಿಂದ ಹೋಗಿ ಮುಟ್ಟಿದಳು. ಅಂಕಣದಿಂದ ಹೊರಗೆ ನಡೆಯುತ್ತಾ ಗೆಳತಿ ನಿಂತು ನನ್ನ ಕಡೆ ತಿರುಗಿದಳು. ಅವಳಿಗೆ ತಿಳಿದುಹೋಗಿತ್ತು. ನಾನು ಕಣ್ಣು ತಪ್ಪಿಸಿದೆ.

ಈಗ ಅವಳು ಖಂಡಿತ ನನ್ನ ಕಾಲು ಮುರಿಯುತ್ತಾಳೆ ಎಂದು ನನಗೆ ಅನ್ನಿಸಿತು. ಮುರಿಯಲು ಅವಳಿಗೆ ಹಕ್ಕಿದೆ ಎಂದೂ ಅನ್ನಿಸಿತು.

ನಾನು ಎರಡು ಸಲ ದಾಳಿಗೆ ಹೋಗಿ ಎರಡು ಸಲವೂ ದೂರದಿಂದಲೇ ಸುತ್ತಿ ಬರಿಗೈಯಲ್ಲಿ ಬಂದೆ. ಎರಡು ದಾಳಿ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ಔಟು. ಆ ಮೂರನೆಯದು ನನ್ನ ಪಾಲಿಗೆ ಬಂತು. ಅಷ್ಟರಲ್ಲಿ ಗೆಳತಿ ಮತ್ತೆ ಒಳಗೆ ಬಂದಿದ್ದಳು. "ಕಬಡ್ಡಿ, ಕಬಡ್ಡಿ" ಎನ್ನುತ್ತಾ ಹೋದೆ. ನಡುವೆ ನಿಂತವಳನ್ನು ಮುಟ್ಟಲು ಕೈ ಚಾಚಿದೆ, ಸಿಗಲಿಲ್ಲ. ತಿರುಗಿದೆ. ತಿರುಗಿದ ಕ್ಷಣದಲ್ಲೇ ಬಲ ಹಿಮ್ಮಡಿಯ ಮೇಲೆ ಎರಡು ಕೈ ಬಿದ್ದವು. ನೋಡದೆಯೇ ಗೊತ್ತಾಯಿತು ಯಾರವು ಎಂದು.

ನನ್ನ ಪಾದ ಪೂರ್ತಿ ನೆಲಕ್ಕೆ ಊರಿತ್ತು. ಒಂದು ತಿರುವು, ಅಷ್ಟೇ ಸಾಕಿತ್ತು. ಉಸಿರು ನಿಂತಿತು, "ಕಬಡ್ಡಿ" ನಿಂತಿತು. ನಾನು ಕಣ್ಣು ಮುಚ್ಚಿ ಆ ಲಟಕ್ಕೆನ್ನುವ ಸದ್ದಿಗೆ ಕಾದೆ.

ಕೈಗಳು ಕಾಲು ಬಿಟ್ಟವು. ಬಿಟ್ಟು ಸೊಂಟಕ್ಕೆ ಬಿದ್ದವು. ಅವಳು ಇಡೀ ಮೈಭಾರ ಹಾಕಿ ನನ್ನನ್ನು ಪಕ್ಕಕ್ಕೆ ಎಳೆದು ಬೀಳಿಸುತ್ತಾ ಕಿವಿಯ ಹತ್ತಿರ ಅಂದಳು: "ಕಾಲ್ ಮಡಚ್ಕೊ!"

ಮಡಚಿಕೊಂಡೆ. ಇಬ್ಬರೂ ಒಟ್ಟಿಗೆ ಬಿದ್ದೆವು. ನಾನು ಔಟಾದೆ. ಅಂಕ ಅವರಿಗೆ. ಟೆಂಪೋದಲ್ಲಿ ಬಂದವರು ಶಿಳ್ಳೆ ಹಾಕಿದರು. ಅವಳು ಎದ್ದು ಕೈ ಒರೆಸಿಕೊಂಡು ತನ್ನ ಜಾಗಕ್ಕೆ ಹೋದಳು, ನನ್ನತ್ತ ನೋಡಲಿಲ್ಲ.

ಹೊರಗೆ ಕೂತು ಕೋಚ್ ಹತ್ತಿರ, "ಆ ಕಡೆ ದಾಳಿ ಬೇಡ ಸರ್, ಸಾಕು" ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ. ನಾನೂ ಗಟ್ಟಿಯಾಗಿ ಹೇಳಲಿಲ್ಲ.

ಎರಡನೇ ಅವಧಿಯಲ್ಲಿ ನಾನು ಒಳಗೆ ಬಂದಿದ್ದೆ, ನಮ್ಮ ಗೆರೆಯ ಈಚೆ ನಿಂತಿದ್ದೆ. ಆ ದಾಳಿಗಾರ್ತಿ ಮತ್ತೆ ಎಡ ತುದಿಗೆ ನುಗ್ಗಿದಳು. ಗೆಳತಿ ಅವಳ ಉಸಿರಿನ ಸದ್ದು ಹಿಡಿದು ಎಡಕ್ಕೆ ಹಾರಿದಳು. ಅದೇ ಹೊತ್ತಿಗೆ ಗೆಳತಿಯ ಪಕ್ಕ ನಿಂತಿದ್ದವಳೂ ಹಾರಿದಳು. ಇಬ್ಬರ ತಲೆ ಬಡಿದ ಸದ್ದು ಶಾಮಿಯಾನದ ಆಚೆಯವರೆಗೂ ಕೇಳಿರಬೇಕು. ಪಕ್ಕದವಳು ಹಣೆ ಹಿಡಿದು ಕೂತಳು. ಗೆಳತಿ ಎದ್ದು ನಿಂತಳು. ಅವಳ ಬಲ ಹುಬ್ಬು ಸೀಳಿ ರಕ್ತ ಕಣ್ಣೊಳಗೆ ಇಳಿಯುತ್ತಿತ್ತು. ಬಲಗಣ್ಣು. ಇದ್ದ ಒಂದೇ ಕಣ್ಣು.

ಅವಳು ಎರಡೂ ಕೈ ಮುಂದೆ ಚಾಚಿ ಗಾಳಿಯಲ್ಲಿ ಆಡಿಸಿದಳು. "ಏನೂ ಕಾಣಾಕಿಲ್ಲ" ಎಂದಳು. ಮೊದಲು ಮೆಲ್ಲಗೆ. ಆಮೇಲೆ ಅರಚಿದಳು, "ಸಾ! ಏನೂ ಕಾಣಾಕಿಲ್ಲ ಸಾ!"

ಪಂದ್ಯದ ಅಧಿಕಾರಿಗಳಿಗೆ ಅದು ಹುಬ್ಬಿನ ಗಾಯ, ಹತ್ತಿ ಇಟ್ಟರೆ ನಿಲ್ಲುವಂಥದ್ದು. ಅದು ಏನೆಂದು ಗೊತ್ತಿದ್ದವರು ನಾವಷ್ಟೇ. ನಾನು ಗೆರೆ ದಾಟಿ ಓಡಿದೆ. ಅವಳ ಕೈ ಹಿಡಿದೆ. ಆ ಕೈ ನನ್ನ ಮುಂಗೈಯನ್ನು ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿಯಿತು.

"ಯಾರಮ್ಮಿ?" ಎಂದಳು. "ಯಾರು ನೀನು?"

ಮೇಷ್ಟ್ರು ಓಡಿ ಬಂದು ಅವಳ ಕೈಯನ್ನು ನನ್ನ ಕೈಯಿಂದ ಬಿಡಿಸಿಕೊಂಡು, ತಮ್ಮ ಟವಲನ್ನು ಹಣೆಗೆ ಒತ್ತಿ ಹಿಡಿದು ನಡೆಸಿಕೊಂಡು ಹೋದರು. ಯಾರದೋ ಆಟೋದಲ್ಲಿ ಆಸ್ಪತ್ರೆಗೆ ಹೊರಟರು.

ಇಲ್ಲಿ ನಾನು ಅವರ ಹಿಂದೆ ಓಡಿದೆ ಎಂದು ಬರೆಯಲು ಆಸೆಯಾಗುತ್ತದೆ. ಓಡಲಿಲ್ಲ. ಕೋಚ್ ನನ್ನ ಹೆಸರು ಕೂಗಿದರು, ನಾನು ವಾಪಸು ನನ್ನ ಜಾಗಕ್ಕೆ ಬಂದು ನಿಂತೆ. ಇನ್ನೂ ಆರು ನಿಮಿಷದ ಆಟವಿತ್ತು. ಆಡಿದೆ. ಎರಡು ಅಂಕ ತಂದೆ. ನಾವು ಗೆದ್ದೆವು. ಆ ಆರು ನಿಮಿಷಗಳಲ್ಲಿ ನನ್ನ ಮಂಡಿಯ ಭಯ ಒಂದಿಷ್ಟೂ ಇರಲಿಲ್ಲ. ಅವಳು ಕುರುಡಿಯಾದಳು, ನಾನು ಮಾಡಿದೆ ಎನ್ನುವುದೊಂದೇ ತಲೆಯಲ್ಲಿತ್ತು.

ಸೀಟಿ ಊದಿದ ಮೇಲೆ ಯಾರಿಗೂ ಹೇಳದೆ ಓಡಿದೆ. ದಾರಿ ಕೇಳಿ ಕೇಳಿ, ಅದೇ ಅಂಗಿಯಲ್ಲಿ, ಬೆನ್ನ ಮೇಲೆ ಆ ತಂಡದ ಹೆಸರು ಹೊತ್ತುಕೊಂಡೇ ಆಸ್ಪತ್ರೆ ಸೇರಿದೆ. ಹೊರಗಿನ ಬೆಂಚಿನ ಮೇಲೆ ಮೇಷ್ಟ್ರು ಒಬ್ಬರೇ ಕೂತಿದ್ದರು. ಮಡಿಲಲ್ಲಿ ರಕ್ತದ ಟವಲು.

"ಒಳ್ಗೆ ಒಲಿಗೆ ಆಕ್ತಾವ್ರೆ. ಕಣ್ಣಿಗೇನಾಯ್ತು ಅಂತ ಇನ್ನೂ ಯೇಳಿಲ್ಲ" ಎಂದರು.

ನಾನು ನಿಂತೇ ಇದ್ದೆ. ಅರ್ಧ ಗಂಟೆಯೋ ಒಂದು ಗಂಟೆಯೋ. ಒಳಗಿನಿಂದ ಒಮ್ಮೆ ಅವಳ ಕೂಗು ಕೇಳಿತು, ಆಮೇಲೆ ಅದೂ ಇಲ್ಲ.

"ಸಾ, ಕಣ್ಣಿನ ವಿಷ್ಯ ನಾನೇ ಯೇಳ್ಬುಟ್ಟೆ" ಎಂದೆ.

"ಗೊತ್ತು. ಎರಡ್ನೇ ದಾಳಿಗೇ ಗೊತ್ತಾಯ್ತು."

"ಅವ್ಳು ನನ್ ಕಾಲ್ ಮುರೀತಾಳೆ ಅಂತ ಎದ್ರುಕೊಂಡಿದ್ದೆ ಸಾ. ಊರಲ್ಲಿ ಅಂಗಂತಿದ್ರಂತೆ."

ಆಗ ಅವರು ಮೊದಲ ಸಲ ನನ್ನ ಮುಖ ನೋಡಿದರು. "ಟೀ ಅಂಗ್ಡಿ ಮಾತು ಕೇಳ್ದೆ, ನನ್ನ ಕೇಳ್ನಿಲ್ಲ. ಬೆಳಿಗ್ಗೆ ಉಡುಗೀರ್ನ ಕೂರಿಸ್ಕೊಂಡು ಯೇಳಿದ್ದೆ ಕಣವ್ವ, ಆ ಮಂಡಿ ಯಾರೂ ಮುಟ್ಬ್ಯಾಡಿ ಅಂತ. ಬ್ಯಾರೆಯೋರ್ದಾಗಿದ್ರೆ ಇಡ್ಕಳ್ರಿ ಅಂತಿದ್ದೆ. ಅದು ನಮ್ ಮಂಡಿ."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಸ್ವಲ್ಪ ಹೊತ್ತಿನ ಮೇಲೆ ನರ್ಸು ಹೊರಗೆ ಬಂದು, ಗಾಯ ಹುಬ್ಬಿನದು ಮಾತ್ರ, ಕಣ್ಣಿನೊಳಗೆ ಏನೂ ಆಗಿಲ್ಲ, ತೊಳೆದಿದ್ದೇವೆ, ಕಾಣಿಸುತ್ತಿದೆ ಎಂದರು. ಮೇಷ್ಟ್ರು ಮುಖ ಮುಚ್ಚಿಕೊಂಡು ಅತ್ತರು. ನಾನು ಬಾಗಿಲವರೆಗೆ ಹೋದೆ. ಗೆಳತಿ ಹಾಸಿಗೆಯ ಮೇಲೆ ಕೂತಿದ್ದಳು, ಹುಬ್ಬಿನ ಮೇಲೆ ದೊಡ್ಡ ಬ್ಯಾಂಡೇಜು. ನನ್ನನ್ನು ನೋಡಿದಳು. ನೋಡಿ ಗೋಡೆಯ ಕಡೆಗೆ ತಿರುಗಿ ಮಲಗಿದಳು. ನಾನು ಒಳಗೆ ಹೋಗಲಿಲ್ಲ.

ಅವಳ ಕಣ್ಣು ಉಳಿಯಿತು, ಆಟ ಉಳಿಯಲಿಲ್ಲ. ಆ ಪಂದ್ಯದ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಎಡ ತುದಿಯಲ್ಲಿ ಹೀಗೆ ನುಗ್ಗಬಹುದು ಎಂದು ಎಲ್ಲ ತಂಡಗಳಿಗೂ ತಿಳಿಯಿತು. ನಾಲ್ಕೈದು ಪಂದ್ಯ ಆಡಿ, ಪ್ರತಿ ಸಲವೂ ಅವಳನ್ನೇ ಗುರಿ ಮಾಡಿದಾಗ, ಅವಳೇ ಮೇಷ್ಟ್ರಿಗೆ ಸಾಕು ಎಂದಳಂತೆ. ನಾನು ಮೈಸೂರಿನಲ್ಲಿ ಇನ್ನೂ ಎರಡು ವರ್ಷ ಆಡಿದೆ. ಆಮೇಲೆ ಒಂದು ಬೆಳಿಗ್ಗೆ ಅಭ್ಯಾಸದಲ್ಲಿ, ಯಾರೂ ಹಿಡಿಯದಿದ್ದರೂ, ಮಂಡಿ ತಾನಾಗಿ ಕೈಕೊಟ್ಟಿತು. ವಾರದೊಳಗೆ ಹಾಸಿಗೆ ಖಾಲಿ ಮಾಡಿದೆ. ಕೋಚ್ ಗೇಟಿನವರೆಗೆ ಬಂದು ಬ್ಯಾಗು ಎತ್ತಿಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ನಡುವೆ ಇದ್ದದ್ದು ಕಾಗದದಲ್ಲಿ ಬರೆದಿದ್ದಷ್ಟೆ, ಅಷ್ಟನ್ನು ಇಬ್ಬರೂ ನಡೆಸಿದೆವು.

ಈಗ ನಾನು ನಾಗಮಂಗಲದ ಒಂದು ಶಾಲೆಯಲ್ಲಿ ಆಟ ಕಲಿಸುತ್ತೇನೆ. ಬೆಳೆಸಿದ ತಂಡ ಬಿಟ್ಟು ಹೋಗುವುದು ದ್ರೋಹವೇ ಎಂದು ಕೆಲವರು ನನ್ನ ಮುಂದೆ ವಾದ ಮಾಡುತ್ತಾರೆ. ನಾನು ಹೋದದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಯಾವ ತಂಡವೂ ಒಬ್ಬಳ ಹೊಟ್ಟೆಪಾಡನ್ನು ಕಟ್ಟಿ ಹಾಕಬಾರದು. ಆದರೆ ಒಟ್ಟಿಗೆ ಇದ್ದಾಗ ಒಬ್ಬರ ಮೈಯ ನೋವು ಇನ್ನೊಬ್ಬರಿಗೆ ತಿಳಿಯುತ್ತದಲ್ಲ, ಅದು ನನ್ನ ಸ್ವತ್ತಾಗಿರಲಿಲ್ಲ. ಅದನ್ನು ನಾನು ಹೊಸ ಮನೆಗೆ ಹೊತ್ತುಕೊಂಡು ಹೋಗಿ ಕೊಟ್ಟೆ.

ಆಟ ಬಿಟ್ಟ ವರ್ಷ ಗೆಳತಿಯನ್ನು ಹುಡುಕಿಕೊಂಡು ಹೋದೆ. ಅವಳು ಶ್ರೀರಂಗಪಟ್ಟಣದ ಪಕ್ಕದ ಗಂಜಾಂಗೆ ಮದುವೆಯಾಗಿ, ಅಲ್ಲಿನ ಗುಡಿಯ ದಾರಿಯಲ್ಲಿ ಹಣ್ಣುಕಾಯಿ ಅಂಗಡಿ ಇಟ್ಟಿದ್ದಳು. ಬೀದಿಯಿಂದ ಅವಳನ್ನು ಕಂಡು ಅಂಗಡಿಯ ಮುಂದೆ ಹೋಗಿ ನಿಂತೆ. ಅವಳು ನೋಡಿದಳು. ಒಂದು ಸ್ಟೂಲು ನನ್ನ ಕಡೆಗೆ ಕಾಲಿನಿಂದ ತಳ್ಳಿದಳು. ಕೂತೆ. ಗಿರಾಕಿಗಳು ಬಂದರು, ಹೋದರು. ಅವಳು ತೆಂಗಿನಕಾಯಿಯ ನಾರು ಕೀಳುತ್ತಲೇ ಇದ್ದಳು.

"ನೀ ಓಗಿದ್ದಕ್ಕೆ ನಂಗೆ ಒಟ್ಟೆ ಉರೀತು" ಎಂದಳು ಕೊನೆಗೆ. "ಸುಳ್ಯಾಕೆ ಯೇಳ್ಲಿ. ನನ್ನ ಯಾಕೆ ಕರೀನಿಲ್ಲ ಅವ್ರು ಅಂತ ಅತ್ತಿದ್ದೆ. ಅದ್ಕೇ ಫೋನ್ ಎತ್ನಿಲ್ಲ. ಅದು ಬುಡು, ಅದು ಓಯ್ತು."

ನಾನು ಏನೋ ಹೇಳಲು ಹೋದೆ. ಅವಳು ಕೈ ಎತ್ತಿ ತಡೆದಳು.

"ಒಂದ್ ಕೇಳ್ತೀನಿ. ನಿನ್ ಕೋಚು ಕೇಳ್ದಾಗ ನನ್ ಕಣ್ಣಿನ ವಿಷ್ಯ ಯೇಳಾಕಿಲ್ಲ ಅಂದಿದ್ರೆ, ನಿನ್ನ ತೆಗದಾಕ್ತಿದ್ನಾ?"

"ಗೊತ್ತಿಲ್ಲ ಕಣಮ್ಮಿ."

"ಕೇಳೂ ನೋಡ್ನಿಲ್ವಾ?"

"ಇಲ್ಲ. ಎದ್ರುಕೊಂಡೆ."

ಅವಳು ಕಾಯಿ ಕೆಳಗಿಟ್ಟು, ಮುಖವನ್ನು ಪೂರ್ತಿ ತಿರುಗಿಸಿ, ಬಲಗಣ್ಣಿನಿಂದ ನನ್ನನ್ನು ತುಂಬ ಹೊತ್ತು ನೋಡಿದಳು. ಹುಬ್ಬಿನ ಮೇಲೆ ಹೊಲಿಗೆಯ ಗೆರೆ ಬಿಳಿಯಾಗಿ ಕಾಣುತ್ತಿತ್ತು.

"ಅದ್ನ ಯೋಚ್ನೆ ಮಾಡ್ಕಂಡೇ ನಂಗೆ ನಿದ್ದೆ ಬರ್ತಿರ್ನಿಲ್ಲ" ಎಂದಳು. "ಅವ್ರು ಬಲವಂತ ಮಾಡಿರ್ಬೇಕು, ಎದ್ರಿಸಿರ್ಬೇಕು, ಅದ್ಕೇ ಯೇಳವ್ಳೆ ಅನ್ಕಂಡಿದ್ದೆ. ಬರೀ ಕೇಳಿದ್ದಕ್ಕೇ ಯೇಳ್ಬುಟ್ಯಾ."

ಅಷ್ಟರಲ್ಲಿ ಗುಡಿಗೆ ಹೊರಟ ಒಂದು ಸಂಸಾರ ಅಂಗಡಿಗೆ ಬಂತು. ಅವಳು ಎದ್ದು ಅವರಿಗೆ ಕಾಯಿ, ಬಾಳೆಹಣ್ಣು, ನಿಂಬೆಹಣ್ಣಿನ ಹಾರ ಕಟ್ಟಿಕೊಡತೊಡಗಿದಳು. ನಾನು ಸ್ಟೂಲಿನ ಮೇಲೆ ಕೂತೇ ಇದ್ದೆ.